ಹನ್ನೆರಡನೆಯವರು

ಕೊಡಗಿನ ಯಾವ ಹಾಕಿ ಮೈದಾನಕ್ಕೆ ಹೋದರೂ ಇವರು ಸಿಗುತ್ತಾರೆ. ಪೊನ್ನಂಪೇಟೆಯಲ್ಲಿ ಒಬ್ಬರಿದ್ದಾರೆ. ಗೋಣಿಕೊಪ್ಪದಲ್ಲಿ ಇಬ್ಬರು, ಅವರಿಬ್ಬರಿಗೂ ಮಾತಿಲ್ಲ. 2016ರ ರಿಯೊ ಒಲಿಂಪಿಕ್ಸ್‌ನಲ್ಲಿ ರಘುನಾಥನನ್ನು ಎಷ್ಟು ಹೊತ್ತು ಆಡಿಸಬೇಕಿತ್ತು ಎಂಬ ವಿಷಯದಲ್ಲಿ ನಿಂತ ಮಾತು ಇನ್ನೂ ಶುರುವಾಗಿಲ್ಲ. ಬೆಂಗಳೂರಿನ ಅಕ್ಕಿತಿಮ್ಮನಹಳ್ಳಿ ಮೈದಾನದಲ್ಲಂತೂ ಇಂಥವರದೇ ಒಂದು ಸಾಲಿದೆ. ನಾನು ಹೇಳಹೊರಟಿರುವುದು ನಮ್ಮೂರಿನವರ ವಿಷಯ. ಸೈನ್ಯದಲ್ಲಿ ಸುಬೇದಾರರಾಗಿ ನಿವೃತ್ತರಾಗಿ, ಐದೆಕರೆ ಕಾಫಿ ತೋಟವನ್ನು ಹೆಂಡತಿಗೆ ಒಪ್ಪಿಸಿ, ಭಾರತ ಹಾಕಿ ತಂಡವನ್ನು ತಾವು ವಹಿಸಿಕೊಂಡವರು. ಊರಿಗೆಲ್ಲ ಸುಬೇದಾರ್ ಮಾವ.

ಮಾವನ ಅಂಗಿ ಜೇಬಿನಲ್ಲಿ ಸದಾ ಒಂದು ಚೀಟಿ ಇರುತ್ತದೆ. ಕಾಫಿ ಮಾರಿದ ರಸೀದಿಯ ಹಿಂಬದಿ. ಮುಂಬದಿಯಲ್ಲಿ ಎಷ್ಟು ಮೂಟೆ, ಏನು ದರ ಎಂಬುದನ್ನು ಅವರು ಓದಿದ್ದನ್ನು ನಾನು ಕಂಡಿಲ್ಲ. ಹಿಂಬದಿಯಲ್ಲಿ ಮೇಲೆ ಐವರು, ನಡುವೆ ಮೂವರು, ಕೆಳಗೆ ಇಬ್ಬರು, ಅವರ ಹಿಂದೆ ಗೋಲಿ. ಲೆಫ್ಟ್ ಔಟ್, ಲೆಫ್ಟ್ ಇನ್, ಸೆಂಟರ್ ಫಾರ್ವರ್ಡ್, ರೈಟ್ ಇನ್, ರೈಟ್ ಔಟ್. ಆಡುವ ಹುಡುಗರ ಹೆಸರು ವರ್ಷ ವರ್ಷ ಬದಲಾಗುತ್ತದೆ, ಈ ಐದು ಕುರ್ಚಿಗಳು ಮಾತ್ರ ಕದಲುವುದಿಲ್ಲ. ಒಮ್ಮೆ ಕಾಲೇಜು ತಂಡದಲ್ಲಿ ಆಡುವ ಅವರ ತಂಗಿಯ ಮಗ ಧೈರ್ಯ ಮಾಡಿ ಹೇಳಿದ: "ಮಾವ, ಈಗ ಲೆಫ್ಟ್ ಇನ್ ಅನ್ನೋನೇ ಇಲ್ಲ."

"ಇಲ್ಲ ಅಂದ್ರೆ? ಎಲ್ಲಿಗೆ ಹೋದ?"

ಹುಡುಗ ಪ್ರೆಸ್ಸಿಂಗು, ಸ್ಟ್ರಕ್ಚರು ಎಂದೆಲ್ಲ ವಿವರಿಸಿದ. ಮಾವ ತಾಳ್ಮೆಯಿಂದ ಕೇಳಿದರು. ಕೊನೆಗೆ, "ಅದಕ್ಕೇ ಎಡಗಡೆಯಿಂದ ಗೋಲು ಬರ್ತಾ ಇಲ್ಲ" ಎಂದರು.

1976ರ ಮಾಂಟ್ರಿಯಲ್‌ನಲ್ಲಿ ಕೃತಕ ಹುಲ್ಲು ಬಂತು, ಭಾರತ ಏಳನೆಯ ಸ್ಥಾನಕ್ಕಿಳಿಯಿತು. ಆಮೇಲೆ ಆಫ್‌ಸೈಡ್ ಹೋಯಿತು. 35 ನಿಮಿಷಗಳ ಎರಡು ಅರ್ಧ ಹೋಗಿ 15 ನಿಮಿಷಗಳ ನಾಲ್ಕು ಕಾಲು ಬಂತು. ಇದನ್ನೆಲ್ಲ ಮಾವ ಹೇಗೋ ನುಂಗಿಕೊಂಡಿದ್ದಾರೆ. ಅವರಿಗೆ ಇಂದಿಗೂ ದಕ್ಕದಿರುವುದು ಒಂದೇ: ಆಟ ನಡೆಯುತ್ತಿರುವಾಗಲೇ ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದೆಂಬ ನಿಯಮ. ಫಾರ್ವರ್ಡ್ ಹುಡುಗನೊಬ್ಬ ಐದು ನಿಮಿಷ ಓಡಿ, ಒಂದೆರಡು ಸಲ ಸರ್ಕಲಿಗೆ ನುಗ್ಗಿ, ಇನ್ನೇನು ಕಳೆಗಟ್ಟಿದ ಅನ್ನುವಾಗ ಬೆಂಚಿನಿಂದ ಕೈ ಬೀಸುತ್ತಾರೆ. ಅವನು ಬಂದು ಕೂತು ನೀರು ಕುಡಿಯುತ್ತಾನೆ. ಟೀವಿಯ ಮುಂದೆ ಕೂತ ಮಾವನಿಗೆ ಅದು ಊಟದ ಎಲೆಯಿಂದ ಎಬ್ಬಿಸಿದ ಹಾಗೆ. "ಬೆವರೇ ಬಂದಿಲ್ಲ, ಆಗಲೇ ಕರೆದ! ಸೋಮಯ್ಯನ್ನ ಹೀಗೆ ಕರೆದಿದ್ರಾ ಯಾರಾದ್ರೂ? ಗೋವಿಂದನ್ನ ಕರೆದಿದ್ರಾ?" ಎಂದು ಗೋಡೆಯನ್ನು ಕೇಳುತ್ತಾರೆ.

ಕೋಚುಗಳನ್ನು ಅವರು ಹೆಸರಿನಿಂದ ಕರೆಯುವುದು ಕಡಿಮೆ. ಬ್ರಾಸಾ ಸ್ಪೇನಿನವ. ನಾಬ್ಸ್, ವಾಲ್ಶ್, ರೀಡ್ ಮೂವರೂ ಆಸ್ಟ್ರೇಲಿಯದವರು. ಒಂದನೆಯವ, ಎರಡನೆಯವ, ಮೂರನೆಯವ. ಓಲ್ಟ್‌ಮನ್ಸ್ ಡಚ್ಚಿನವ. ಕ್ರೇಗ್ ಫುಲ್ಟನ್ 2023ರಲ್ಲಿ ಬಂದ ದಿನದಿಂದ 'ಆಫ್ರಿಕದವ'. ಇವರಲ್ಲಿ ಕೆಲವರನ್ನು ಹಾಕಿ ಇಂಡಿಯಾ ಕಳಿಸಿತು, ಕೆಲವರು ತಾವೇ ಬಿಟ್ಟು ಹೋದರು ಎಂದು ಲೋಕ ತಿಳಿದಿದೆ. ಮಾವನ ಪ್ರಕಾರ ಹಾಕಿ ಇಂಡಿಯಾ ಬರೀ ಕಾಗದ ಟೈಪ್ ಮಾಡಿಸಿತು, ನಿರ್ಧಾರ ಆಗಲೇ ಆಗಿತ್ತು. ಶೋರ್ಡ್ ಮರೈನೆ ಪುರುಷರ ತಂಡದ ಕೋಚಾಗಿದ್ದಾಗ "ಇವನು ಹೋಗ್ಬೇಕು" ಎಂದು ದಿನಾ ಸಂಜೆ ಕ್ಲಬ್ಬಿನಲ್ಲಿ ಅಪ್ಪಣೆಯಾಗುತ್ತಿತ್ತು. 2018ರಲ್ಲಿ ಅವನನ್ನು ಮಹಿಳಾ ತಂಡಕ್ಕೆ ಕಳಿಸಿದರು. ಮೂರು ವರ್ಷದ ನಂತರ ಅದೇ ಮರೈನೆ ಟೋಕಿಯೊದಲ್ಲಿ ಹೆಣ್ಣುಮಕ್ಕಳನ್ನು ನಾಲ್ಕನೆಯ ಸ್ಥಾನದವರೆಗೆ ಒಯ್ದು ನಿಲ್ಲಿಸಿದಾಗ ಮಾವನ ಕಣ್ಣಲ್ಲಿ ನೀರು. "ಇಂಥ ಮನುಷ್ಯನ್ನ ಗಂಡುಹುಡುಗರ ತಂಡದಿಂದ ತೆಗೆದ ಮೂರ್ಖ ಯಾರು?" ಎಂದು ಕೇಳಿದರು. ನಾವು ಯಾರೂ ಅವರ ಕಡೆ ನೋಡಲಿಲ್ಲ.

ಹಾಗಂತ ಅವರ ಸಿಟ್ಟೆಲ್ಲ ಪೊಳ್ಳಲ್ಲ. 1998ರ ಡಿಸೆಂಬರಿನಲ್ಲಿ ಬ್ಯಾಂಕಾಕಿನ ಏಷ್ಯನ್ ಗೇಮ್ಸ್ ಫೈನಲ್ ಪೆನಾಲ್ಟಿಗೆ ಹೋದಾಗ ದಕ್ಷಿಣ ಕೊರಿಯಾದವರ ಎದುರು ಗೋಲಿನಲ್ಲಿ ನಿಂತು 32 ವರ್ಷದ ನಂತರ ಚಿನ್ನ ತಂದವರು ನಮ್ಮ ಬೆಂಗಳೂರಿನ ಆಶಿಶ್ ಬಲ್ಲಾಳ್. ಅದಾದ ಮೇಲೆ ಧನರಾಜ್ ಪಿಳ್ಳೈ, ಬಲ್ಲಾಳ್ ಮುಂತಾದವರಿಗೆ 'ವಿಶ್ರಾಂತಿ' ಕೊಟ್ಟರು. ಕೋಚ್ ಕೌಶಿಕ್ ಅವರಿಗೂ ಬಾಗಿಲು ತೋರಿಸಿದರು. ಗೆದ್ದ ತಂಡವನ್ನು ಗೆದ್ದದ್ದಕ್ಕಾಗಿಯೇ ಒಡೆದದ್ದನ್ನು ಕಂಡ ಮನುಷ್ಯ ಆಮೇಲೆ ಯಾವ ಪಟ್ಟಿಯನ್ನೂ ನಂಬದಿದ್ದರೆ ತಪ್ಪೇನು? 'ವಿಶ್ರಾಂತಿ' ಎಂಬ ಪದ ಕೇಳಿದರೆ ಮಾವ ಇವತ್ತಿಗೂ ಕುರ್ಚಿಯಲ್ಲಿ ನೆಟ್ಟಗಾಗುತ್ತಾರೆ. ವೈದ್ಯರು ಹೇಳಿದರೂ ಅಷ್ಟೇ.

ಇನ್ನೊಂದು ನೋವು ನಮ್ಮೆಲ್ಲರದು. ರಿಯೊ ತಂಡದಲ್ಲಿ ರಘುನಾಥ್, ಉತ್ತಪ್ಪ, ಸುನಿಲ್, ನಿಕಿನ್ ತಿಮ್ಮಯ್ಯ ಎಂದು ನಾಲ್ವರು ಕನ್ನಡ ನಾಡಿನವರಿದ್ದರು. ಟೋಕಿಯೊಕ್ಕೆ ಒಬ್ಬನೂ ಇಲ್ಲ, ಪ್ಯಾರಿಸ್‌ಗೂ ಇಲ್ಲ. "ಕ್ಯಾಂಪ್ ಮಾತ್ರ ನಮ್ಮ ಬೆಂಗಳೂರಲ್ಲೇ ಬೇಕು! ಕಾವೇರಿ ನೀರು ಕುಡಿಯೋಕೆ ಎಲ್ಲರೂ ಬರ್ತಾರೆ. ತಲಕಾವೇರಿಯವನೊಬ್ಬ ಬೇಡ!" ಇದಕ್ಕೆ ಎದುರು ಹೇಳುವವರು ಒಬ್ಬರೇ, ನಿವೃತ್ತ ಡ್ರಿಲ್ ಮಾಸ್ಟರು. ಅವರು ಕೋಚ್ ಪಕ್ಷ. ಯಾವ ಕೋಚ್ ಎಂಬುದು ಮುಖ್ಯವಲ್ಲ, ಅಧಿಕಾರದಲ್ಲಿರುವ ಕೋಚ್. ಕ್ಲಬ್ಬಿನ ಮೇಜಿನ ಮೇಲೆ ಹುರಿದ ಕಡಲೆಕಾಯಿ ಬೀಜಗಳನ್ನು ಹನ್ನೊಂದು ಜಾಗದಲ್ಲಿಟ್ಟು ಇಬ್ಬರೂ ವಾದಿಸುತ್ತಿದ್ದರೆ ರಮ್ಮು ಬೆಚ್ಚಗಾಗುತ್ತದೆ. ಒಂದು ಸಂಜೆ ವಾದ ಇತ್ಯರ್ಥವಾಗದೆ ಉಳಿದದ್ದಕ್ಕೆ ಕಾರಣ, ಸೆಂಟರ್ ಹಾಫನ್ನು ಯಾರೋ ತಿಂದುಬಿಟ್ಟಿದ್ದರು.

ಹೀಗೆ ನಡೆದುಕೊಂಡು ಹೋಗುತ್ತಿದ್ದ ಮಾವನ ಬದುಕಿಗೆ 2024ರ ಏಪ್ರಿಲ್ ಬಂತು.

ಕೊಡವ ಕುಟುಂಬಗಳ ಹಾಕಿ ಹಬ್ಬ ಗೊತ್ತಿಲ್ಲದವರಿಗೆ ಎರಡು ಮಾತು. 1997ರಲ್ಲಿ ಕರಡ ಎಂಬ ಊರಿನಲ್ಲಿ ಪಾಂಡಂಡ ಕುಟ್ಟಪ್ಪನವರು 60 ಕುಟುಂಬಗಳನ್ನು ಸೇರಿಸಿ ಶುರುಮಾಡಿದ್ದು. ವರ್ಷಕ್ಕೊಂದು ಒಕ್ಕ, ಅಂದರೆ ಕುಟುಂಬ, ಹಬ್ಬ ನಡೆಸುತ್ತದೆ, ಕಪ್ಪಿಗೆ ಆ ಒಕ್ಕದ ಹೆಸರು. ಒಂದೇ ತಂಡದಲ್ಲಿ ಗಂಡಸರು, ಹೆಂಗಸರು, ಮೀಸೆ ಬಾರದವರು, ಮೀಸೆ ನೆರೆತವರು. 2024ರಲ್ಲಿ ನಾಪೋಕ್ಲಿನ ಕುಂಡ್ಯೋಳಂಡ ಕಪ್ಪಿಗೆ 360 ಕುಟುಂಬಗಳು ಬಂದು ಗಿನ್ನೆಸ್ ದಾಖಲೆಯಾಯಿತು. ಆ 360ರಲ್ಲಿ ಒಂದು ಮಾವನ ಒಕ್ಕ. ಐನ್‌ಮನೆಯಲ್ಲಿ ಸಭೆ ಸೇರಿ, "ಇಷ್ಟು ವರ್ಷ ಭಾರತ ತಂಡ ನಡೆಸಿದ್ದೀರಿ, ಈ ಸಲ ನಮ್ಮದನ್ನೂ ನೋಡಿಕೊಳ್ಳಿ" ಎಂದುಬಿಟ್ಟರು. ಹೇಳಿದವರು ತಮಾಷೆಗೆ ಹೇಳಿದರೋ ಏನೋ. ಮಾವ ಎದ್ದು ನಿಂತು ಒಪ್ಪಿಕೊಂಡರು.

ಚೀಟಿ ಹೊರಬಂತು. ಹತ್ತೊಂಬತ್ತು ಹೆಸರು. ಹನ್ನೊಂದು ಕುರ್ಚಿ.

ಆಮೇಲಿನ ಎರಡು ವಾರದಲ್ಲಿ ಮಾವ ಮೂರು ಕಿಲೋ ಇಳಿದರೆಂದು ಅತ್ತೆ ಹೇಳುತ್ತಾರೆ. ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ ಮೂರು ದಿನ ರಜೆ ಹಾಕಿ ಬರುತ್ತಿದ್ದಾನೆ. ಅವನನ್ನು ಕೂರಿಸಿದರೆ ಮುಂದಿನ ವರ್ಷದ ಜೆರ್ಸಿಗೆ ದುಡ್ಡು ಕೊಡುವವರಾರು? ದೊಡ್ಡಪ್ಪನ ಮಗನ ಜೊತೆ ಜಮ್ಮಾ ಜಮೀನಿನ ವ್ಯಾಜ್ಯ ಕೋರ್ಟಿನಲ್ಲಿದೆ. ಅವನ ಮಗನನ್ನು ಬಿಟ್ಟರೆ ಅದು ಹಾಕಿಯ ನಿರ್ಧಾರವೆಂದು ನಂಬುವವರು ಜಿಲ್ಲೆಯಲ್ಲೇ ಯಾರೂ ಇಲ್ಲ. ಅರವತ್ತು ದಾಟಿದ ಚಿಕ್ಕಪ್ಪ 'ಎರಡೇ ನಿಮಿಷ, ಒಂದು ಫೋಟೋಕ್ಕೆ' ಅನ್ನುತ್ತಿದ್ದಾರೆ. ಎಲ್ಲರಿಗಿಂತ ಚೆನ್ನಾಗಿ ಆಡುವವಳು ಪಿಯುಸಿ ಓದುವ ತಮ್ಮನ ಮಗಳು. ಅವಳನ್ನು ರೈಟ್ ಔಟ್‌ನಲ್ಲಿ ಹಾಕಿ, ಕದಲಿಸಬಾರದೆಂದು ಚೀಟಿಯಲ್ಲಿ ಎರಡು ಗೆರೆ ಎಳೆದಿದ್ದರು. "ನನ್ನ ತಂಡದಲ್ಲಿ ಸುಮ್ಮಸುಮ್ಮನೆ ಬದಲಾವಣೆ ಇಲ್ಲ. ಆಡೋನು ಆಡ್ತಾನೆ, ಕೂರೋನು ಕೂರ್ತಾನೆ" ಎಂದು ಹಿಂದಿನ ರಾತ್ರಿ ಪಂದಿ ಕರಿ, ಕಡಂಬುಟ್ಟಿನ ಎದುರು ಘೋಷಿಸಿದರು. ಫುಲ್ಟನ್ ಕೇಳಿಸಿಕೊಳ್ಳಬೇಕಿತ್ತು.

ಮೊದಲ ಎಂಟು ನಿಮಿಷ ಘೋಷಣೆ ಉಳಿಯಿತು. ಏಪ್ರಿಲ್ ಬಿಸಿಲು, ಧೂಳು. ಸಾಫ್ಟ್‌ವೇರ್ ಹುಡುಗ ಒಂದು ಕಡೆ ಸ್ಟಿಕ್ ಊರಿಕೊಂಡು ಬಾಗಿ ನಿಂತವನು ಮೇಲೇಳಲಿಲ್ಲ. ಅವನನ್ನು ಕರೆಸಬೇಕಾಯಿತು. ಅಲ್ಲಿಗೆ ಕಟ್ಟೆ ಒಡೆಯಿತು. ಬೆಂಚಿನ ಹಿಂದೆ ಕೊಡೆ ಹಿಡಿದು ಕೂತಿದ್ದ ತಾಯಂದಿರು ಒಬ್ಬೊಬ್ಬರೇ ಮುಂದಕ್ಕೆ ಸರಿದರು. "ನಮ್ಮವನು ಮೈಸೂರಿಂದ ಬಂದಿದ್ದಾನೆ." "ನಮ್ಮವನು ಹೊಸ ಬೂಟು ತಗೊಂಡಿದ್ದಾನೆ." "ಅವಳೊಬ್ಬಳೇನಾ ನಿಮ್ಮ ಒಕ್ಕದ ಹುಡುಗಿ? ನಮ್ಮವಳು ಯಾರು?" ಮಾವ ಕೈ ಬೀಸತೊಡಗಿದರು. ಒಬ್ಬ ಒಳಗೆ, ಒಬ್ಬ ಹೊರಗೆ. ಇಬ್ಬರು ಒಳಗೆ, ಒಬ್ಬಳು ಹೊರಗೆ. ಎರಡು ಗೆರೆ ಎಳೆಸಿಕೊಂಡವಳು ಬೆಂಚಿಗೆ ಬಂದು ಕೂತು ಕಣ್ಣೊರೆಸಿಕೊಂಡಳು. ಬೆಲ್ಜಿಯಮ್ಮಿನವರೂ ಇಷ್ಟು ವೇಗವಾಗಿ ಆಟಗಾರರನ್ನು ಬದಲಿಸಿದ್ದನ್ನು ನಾನು ನೋಡಿಲ್ಲ. ದ್ವಿತೀಯಾರ್ಧದಲ್ಲಿ ಒಮ್ಮೆ ನಮ್ಮ ತಂಡ ಎಲ್ಲೆಲ್ಲೂ ಕಾಣಿಸಿಕೊಂಡು ಎದುರಾಳಿಗಳನ್ನು ಇಕ್ಕಟ್ಟಿಗೆ ಸಿಕ್ಕಿಸಿತು. ಮಾವನ ಮುಖ ಅರಳಿತು. ಅಷ್ಟರಲ್ಲಿ ಅಂಪೈರ್ ಸೀಟಿ ಊದಿ ಗಡಿಯಾರ ನಿಲ್ಲಿಸಿ, ಬೆರಳು ಚಾಚಿ ಎಣಿಸತೊಡಗಿದರು.

ಹನ್ನೆರಡು. ಫೋಟೋದ ಚಿಕ್ಕಪ್ಪ ಎಡಮೂಲೆಯಲ್ಲಿ ಯಾರ ಗಮನಕ್ಕೂ ಬಾರದೆ ನೆಲೆಸಿದ್ದರು.

ಬೆಂಚಿನ ತಪ್ಪಿಗೆ ಕಾರ್ಡು ಕ್ಯಾಪ್ಟನ್‌ಗೆ. ಚಿಕ್ಕಪ್ಪ ಹೊರಗೆ, ಹಳದಿ ಕಾರ್ಡು ಕಂಡ ಕ್ಯಾಪ್ಟನ್ನೂ ಹೊರಗೆ. ಹನ್ನೆರಡಿದ್ದದ್ದು ಹತ್ತಾಯಿತು. ಆ ಐದು ನಿಮಿಷದಲ್ಲಿ ಎರಡು ಗೋಲು ಹೊಡೆಸಿಕೊಂಡೆವು. ವಾಪಸು ಬರುವಾಗ ಜೀಪಿನಲ್ಲಿ ಯಾರೂ ಮಾತಾಡಲಿಲ್ಲ, ಕಕ್ಕಬ್ಬೆ ಕಡೆಗೆ ಮುಖ ಮಾಡಿ ಇಗ್ಗುತಪ್ಪನಿಗೆ ಕೈ ಮುಗಿದದ್ದು ಬಿಟ್ಟರೆ. ಕ್ಯಾಪ್ಟನ್ ಬೇರೆ ಯಾರೂ ಅಲ್ಲ, ಜಮ್ಮಾ ವ್ಯಾಜ್ಯದವರ ಮಗ. ಮುಂದಿನ ವಾಯಿದೆಯಲ್ಲಿ ವಕೀಲರು ಆ ಹಳದಿ ಕಾರ್ಡನ್ನೂ ಎತ್ತುತ್ತಾರೆಂದು ಊರಲ್ಲಿ ಸುದ್ದಿ.

ಮೇ ಹೋಯಿತು. ಜೂನ್ ಕೊನೆಗೆ ಪ್ಯಾರಿಸ್ ಒಲಿಂಪಿಕ್ಸ್ ತಂಡ ಪ್ರಕಟವಾಯಿತು. ಹದಿನಾರು ಮಂದಿ, ಗೋಲಿ ಶ್ರೀಜೇಶ್ ಒಬ್ಬನೇ, ಪಾಠಕ್ ಮೀಸಲಿನಲ್ಲಿ. ಮಾಮೂಲಿಯಾದರೆ ಇದಕ್ಕೆ ಒಂದು ವಾರದ ಗಲಾಟೆ. ಮಾವ ಪೇಪರ್ ಮಡಚಿಟ್ಟು ಮಳೆ ನೋಡುತ್ತ ಕೂತರು. ಡ್ರಿಲ್ ಮಾಸ್ಟರೇ ಕಡೆಗೆ ಗಾಬರಿಯಾಗಿ, "ಶ್ರೀಜೇಶನಿಗೆ ನೆಗಡಿ ಗಿಗಡಿ ಆದ್ರೆ ಏನು ಗತಿ ಅಂತ?" ಎಂದು ಕೆಣಕಿ ನೋಡಿದರು. "ಕೋಚ್ ಏನೋ ಯೋಚನೆ ಮಾಡಿರ್ತಾನೆ" ಎಂದರು ಮಾವ. ಅವರನ್ನು ಮಡಿಕೇರಿಯಲ್ಲಿ ಡಾಕ್ಟರಿಗೆ ತೋರಿಸುವ ಮಾತು ಶುರುವಾದದ್ದು ಅವತ್ತೇ.

ಆಗಸ್ಟ್ 4, ಭಾನುವಾರ, ಬ್ರಿಟನ್ ಜೊತೆ ಕ್ವಾರ್ಟರ್ ಫೈನಲ್. ಹೊರಗೆ ಕೊಡಗಿನ ಮಳೆ, ಒಳಗೆ ಕ್ಲಬ್ಬಿನ ಟೀವಿ. 17ನೇ ನಿಮಿಷದಲ್ಲಿ ಅಮಿತ್ ರೋಹಿದಾಸನ ಸ್ಟಿಕ್ ಎದುರಾಳಿಯ ಮುಖಕ್ಕೆ ತಾಗಿತು, ಕೆಂಪು ಕಾರ್ಡು ಬಂತು, ಆ ಗಳಿಗೆಗೇ ಕರೆಂಟು ಹೋಯಿತು. ಜನರೇಟರು ಎಳೆದೆಳೆದು ಟೀವಿ ಮತ್ತೆ ಬಂದಾಗ ಎಲ್ಲರೂ ಸ್ಕೋರು ನೋಡಿದರೆ, ಮಾವ ಎದ್ದು ಪರದೆಯ ಹತ್ತಿರ ಹೋಗಿ ಬೆರಳಿಟ್ಟು ಎಣಿಸುತ್ತಿದ್ದರು. ನಾಪೋಕ್ಲಿನಿಂದ ಅಂಟಿದ ಅಭ್ಯಾಸ. ಒಂದು, ಎರಡು, ಮೂರು... ಹತ್ತು. ರೋಹಿದಾಸನ ಜಾಗಕ್ಕೆ ಮನ್‌ಪ್ರೀತ್ ಹಿಂದಕ್ಕೆ ಇಳಿದಿದ್ದ. ಮಾವ ತಲೆದೂಗಿ ಬಂದು ಕೂತರು. ಹರ್ಮನ್‌ಪ್ರೀತ್ ಗೋಲು ಹೊಡೆದ, ಅವರು ಸಮ ಮಾಡಿದರು, 40ಕ್ಕೂ ಹೆಚ್ಚು ನಿಮಿಷ ಹತ್ತೇ ಜನ ಗೋಡೆಯಂತೆ ನಿಂತರು. ಶೂಟೌಟಿನಲ್ಲಿ ಶ್ರೀಜೇಶ್ ಕೈಕಾಲು ಚಾಚಿ ತಡೆದು 4-2ರಲ್ಲಿ ಗೆದ್ದಾಗ ಕ್ಲಬ್ಬಿನ ಹೆಂಚು ಹಾರಿತೇನೋ ಅನ್ನಿಸಿತು.

ಡ್ರಿಲ್ ಮಾಸ್ಟರು ಇದಕ್ಕೇ ಕಾದಿದ್ದರು. "ಈಗಲಾದ್ರೂ ಒಪ್ಪಿಕೊಳ್ಳಿ ಸುಬೇದಾರ್ರೇ. ಹತ್ತು ಜನರಲ್ಲಿ ಗೆಲ್ಲಿಸಿದ ನೋಡಿ, ಇವನು ಕೋಚ್!"

ಮಾವ ಗ್ಲಾಸು ಕೆಳಗಿಟ್ಟರು. ಏಪ್ರಿಲ್‌ನಿಂದ ಕಾಣದಿದ್ದ ಹೊಳಪೊಂದು ಕಣ್ಣಿಗೆ ಬಂದಿತ್ತು.

"ಹತ್ತು ಜನರನ್ನ ಆಡಿಸೋದು ಏನು ಅಂತ ನನಗೆ ಗೊತ್ತು ಮಾಸ್ಟ್ರೇ. ಇಲ್ಲಿ ಆಡಿಸಿದವನು ನಾನೊಬ್ಬನೇ. ಆದರೆ ಅವನಿಗೆ ಒಂದು ಅನುಕೂಲ ಇತ್ತು. ಬೆಂಚಿನ ಹಿಂದೆ ಯಾರ ತಾಯಿಯೂ ಕೂತಿರಲಿಲ್ಲ."

ಜೇಬಿಗೆ ಕೈ ಹೋಯಿತು. ಚೀಟಿ ಹೊರಬಂತು, ಮಳೆಗೆ ನೆಂದು ಮೆತ್ತಗಾಗಿತ್ತು. "ಅದಿರಲಿ. ಸೆಮಿಫೈನಲ್ಲಿಗೆ ರೋಹಿದಾಸನ್ನ ಬಿಡ್ತಾರಂತ ಖಾತ್ರಿಯಿಲ್ಲ. ಪೆನಾಲ್ಟಿ ಕಾರ್ನರ್‌ಗೆ ಗೋಲಿನಿಂದ ಮೊದಲು ನುಗ್ಗಿ ಓಡೋನು ಅವನೇ. ಆ ಜಾಗಕ್ಕೆ ಯಾರು? ಆಫ್ರಿಕದವ ಯೋಚನೆ ಮಾಡಿದ್ದಾನಾ? ನೀವ್ಯಾರಾದ್ರೂ ಮಾಡಿದ್ದೀರಾ? ಪೆನ್ನು ಕೊಡಿ ಇಲ್ಲಿ."