ಬರಿಗಾಲಿಗೊಂದು ಬೂಟು

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಇಥಿಯೋಪಿಯಾದ ಅಬೆಬೆ ಬಿಕಿಲಾ ಬರಿಗಾಲಲ್ಲೇ ಮ್ಯಾರಥಾನ್ ಓಡಿ ಚಿನ್ನ ಗೆದ್ದ. ನಮ್ಮ ಕರಾವಳಿಯ ಕಂಬಳದವರು ಕೋಣಗಳ ಹಿಂದೆ ಕೆಸರಲ್ಲಿ ಓಡುವುದೂ ಬರಿಗಾಲಲ್ಲೇ. ಇಷ್ಟು ಓದಿದ್ದೇ ತಡ, ನನಗೂ ನನ್ನ ಪಾದಗಳ ಮೇಲೆ ಅಭಿಮಾನ ಉಕ್ಕಿತು. ಒಂದೊಂದು ಪಾದದಲ್ಲಿ 26 ಮೂಳೆ, 33 ಕೀಲು. ಅಷ್ಟನ್ನೂ ಮೆತ್ತನೆಯ ಬೂಟಿನೊಳಗೆ ಕೆಲಸವಿಲ್ಲದೆ ಸಾಕುತ್ತಿದ್ದೆನಲ್ಲ!

ನೇರ ಬರಿಗಾಲಿಗೆ ಇಳಿಯಲು ಧೈರ್ಯ ಸಾಲದೆ, ಬೆರಳಿಗೊಂದು ಗೂಡಿರುವ ತೆಳು ಅಟ್ಟೆಯ ಬೂಟು ತರಿಸಿದೆ. ಬೆಲೆ ನೋಡಿದ ಹೆಂಡತಿ, "ಬರಿಗಾಲಲ್ಲಿ ನಡೆಯೋಕೂ ದುಡ್ಡು ಕೊಡಬೇಕೇನ್ರೀ?" ಎಂದಳು. ಕಿರುಬೆರಳು ತನ್ನ ಗೂಡಿಗೆ ಹೋಗಲೊಪ್ಪದೆ ಪಕ್ಕದವನ ಮನೆಗೇ ನುಗ್ಗುತ್ತಿತ್ತು. ಮೊದಲ ದಿನವೇ ಲಾಲ್‌ಬಾಗ್ ಇಡೀ ಸುತ್ತಿದೆ. ಮರುದಿನ ಮೆಟ್ಟಿಲನ್ನು ಹಿಂದುಹಿಂದಾಗಿ ಇಳಿದೆ. ಎತ್ತರದ ಹಿಮ್ಮಡಿಗೆ ಒಗ್ಗಿದ ಮೀನಖಂಡಕ್ಕೆ ಹಿಮ್ಮಡಿ ನೆಲ ಮುಟ್ಟಿದರೆ ಎಳೆತ ಹೆಚ್ಚು, ಹೊಂದಿಕೊಳ್ಳಲು ವಾರಗಟ್ಟಲೆ ಬೇಕು. ನಾನು ಓದದೆ ಮಗುಚಿದ ಪುಟದಲ್ಲೇ ಅದಿತ್ತು.

ಆಮೇಲೆ ನೆಂಟರ ಗೃಹಪ್ರವೇಶ. ಎಲ್ಲರೂ ಚಪ್ಪಲಿ ಕೊಡವಿ ಪಕ್ಕಕ್ಕೆ ಸರಿದರು. ನಾನು ಹೊಸ್ತಿಲ ಮುಂದೆಯೇ ಕುಕ್ಕರುಗಾಲಲ್ಲಿ ಕೂತು ಒಂದೊಂದೇ ಬೆರಳು ಬಿಡಿಸುತ್ತಿದ್ದೆ. "ಮುಹೂರ್ತ ಮೀರ್ತಿದೆ, ದಾರಿ ಬಿಡಿ ಯಜಮಾನ್ರೇ" ಎಂದರು ಪುರೋಹಿತರು. ಮೊದಲು ಒಳಹೋಗಬೇಕಿದ್ದ ಹಸು ನನ್ನ ಬೆನ್ನಿಗೇ ನಿಂತು ಬೂಟನ್ನು ಮೂಸುತ್ತಿತ್ತು. ಕಾಲಿಗೆ ಎರಡೇ ಗೊರಸಲ್ಲಿ ಸಂಸಾರ ತೂಗಿಸುವ ಅದಕ್ಕೆ ಐದು ಗೂಡು ಅತಿಯೆನಿಸಿರಬೇಕು.

ಬೂಟಿನ ಸಹವಾಸ ಬಿಟ್ಟು ಅಪ್ಪಟ ಬರಿಗಾಲಲ್ಲಿ ಲಾಲ್‌ಬಾಗ್ ಬಂಡೆ ಹತ್ತಿದೆ. ಸುಮಾರು 300 ಕೋಟಿ ವರ್ಷದ ಬಂಡೆ, ಬೆಳಗ್ಗೆ ತಣ್ಣಗಿತ್ತು. ಮೇಲೆ ಕೂತು ಹರಟೆ ಮುಗಿಸುವಷ್ಟರಲ್ಲಿ ಕಾದ ಕಾವಲಿಯಾಗಿತ್ತು. ಕುಣಿಯುತ್ತಾ ಇಳಿದ ನನ್ನನ್ನು ಕಂಡು ಅಜ್ಜಿಯೊಬ್ಬರು ಕೈಮುಗಿದು, "ಯಾವ ದೇವರ ಹರಕೆ ಸ್ವಾಮಿ?" ಎಂದರು. ಬಿಕಿಲಾನ ಹೆಸರು ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ.

ಈಗ ನೆಲಕ್ಕೆ ಟವೆಲ್ ಹಾಸಿ ಕಾಲ್ಬೆರಳಲ್ಲಿ ಎಳೆದುಕೊಳ್ಳುವ ವ್ಯಾಯಾಮ ಮಾಡುತ್ತಿದ್ದೇನೆ. ಹೇಗೂ ಎಳೀತೀರಲ್ಲ ಅಂತ ಹೆಂಡತಿ ಅದನ್ನು ಒದ್ದೆ ಮಾಡಿ ಕೊಡುತ್ತಾಳೆ, ನೆಲವೂ ಒರೆಸಿದಂತಾಗುತ್ತದೆ. ನೀವೂ ಶುರು ಮಾಡುವುದಾದರೆ ಮನೆಯೊಳಗೆ, ದಿನಕ್ಕೆ ಕೆಲವೇ ನಿಮಿಷ ಸಾಕು. ಸಕ್ಕರೆ ಕಾಯಿಲೆಯಿಂದ ಪಾದ ಜೋಮು ಹಿಡಿದವರು ಇತ್ತ ಬರಲೇಬೇಡಿ, ಗಾಯವಾದರೂ ತಿಳಿಯುವುದಿಲ್ಲ. ಐದು ಗೂಡಿನ ಬೂಟು ಬೇಕಾದವರು ಮಾತ್ರ ನನ್ನನ್ನು ಕೇಳಿ, ಅರ್ಧ ಬೆಲೆಗೆ ಕೊಡುತ್ತೇನೆ. ಕಿರುಬೆರಳಿನ ಗೂಡಂತೂ ಹೊಚ್ಚಹೊಸದು.