ದಾರುಸೀಮಾ ಮೀಮಾಂಸೆ: ಏರುಮಡಿಯ ಮರದ ಚೌಕಟ್ಟನ್ನು ಕುರಿತ ಸಭಾಷ್ಯ ಸೂತ್ರಗಳು

ಪೀಠಿಕೆ: ಚಾವುಂಡರಾಯ 1025ರಲ್ಲಿ 'ಲೋಕೋಪಕಾರ' ಬರೆದಾಗ ವೃಕ್ಷಾಯುರ್ವೇದಕ್ಕೂ ಜಾಗ ಕೊಟ್ಟ. ಆದರೆ ಹಿತ್ತಲಿನ ಟೊಮೆಟೊ ಮಡಿಗೆ ಹಳೆಯ ರೈಲ್ವೆ ಸ್ಲೀಪರ್ ಇಡಬಹುದೇ ಎಂಬುದನ್ನು ಹೇಳದೆ ಬಿಟ್ಟ. ಆಗ ನಮ್ಮಲ್ಲಿ ರೈಲೂ ಇರಲಿಲ್ಲ, ಟೊಮೆಟೊವೂ ಇರಲಿಲ್ಲ ಎಂಬುದು ಸಬೂಬು. ಶಾಸ್ತ್ರಕಾರರಿಗೆ ದೂರದೃಷ್ಟಿ ಬೇಡವೇ? ಆ ಕೊರತೆ ತುಂಬಲೆಂದೇ ಈ ಗ್ರಂಥಾರಂಭ.

ಸೂತ್ರ 1: ಅಗಲ ನಾಲ್ಕಡಿ, ಮೀರಬಾರದು.
ಭಾಷ್ಯ: ಎರಡೂ ಬದಿಯಿಂದ ನಡುವಿನ ಗಿಡಕ್ಕೆ ಕೈ ನಿಲುಕಬೇಕು. ಮಡಿಯೊಳಗೆ ಕಾಲಿಟ್ಟರೆ ಮಣ್ಣು ಗಟ್ಟಿಯಾಗುತ್ತದೆ. ಉದ್ದ ಎಂಟಡಿ, ಎತ್ತರ ಒಂದಡಿಯಾದರೆ ತುಂಬಬೇಕಾದ ಮಣ್ಣು 32 ಘನ ಅಡಿ. ಈ ಲೆಕ್ಕವನ್ನು ಗುದ್ದಲಿ ಹಿಡಿದ ಮೇಲೆ ಮಾಡುವವನು ಶಿಷ್ಯ. ಮೊದಲೇ ಮಾಡಿ ಆಳು ಕರೆಸುವವನು ಗುರು.

ಸೂತ್ರ 2: ಕರ್ಣಗಳು ಸಮ.
ಭಾಷ್ಯ: ಎದುರುಬದುರಿನ ಹಲಗೆಗಳು ಒಂದೇ ಅಳತೆಯವಾಗಿರಲಿ. ಮೂಲೆಯಿಂದ ಮೂಲೆಗೆ ದಾರ ಹಿಡಿದಾಗ ಎರಡೂ ಕರ್ಣ ಸಮ ಬಂದರೆ ಮೂಲೆಮಟ್ಟ ಸರಿ. ಬೌಧಾಯನನ ಶುಲ್ಬಸೂತ್ರವೂ ಯಜ್ಞವೇದಿಗೆ ದಾರವನ್ನೇ ಹಿಡಿಸಿತ್ತು. ಅಲ್ಲಿ ಸೊಟ್ಟಗಾದರೆ ದೇವತೆಗಳು ಮುನಿಯುತ್ತಿದ್ದರು. ಇಲ್ಲಿ ಪಕ್ಕದ ಮನೆಯವರು ಆಡಿಕೊಳ್ಳುತ್ತಾರೆ.

ಸೂತ್ರ 3: ಒದ್ದೆ ಮಣ್ಣು ಒದೆಯುತ್ತದೆ, ಆದ್ದರಿಂದ ಗೂಟ.
ಭಾಷ್ಯ: ನೆನೆದ ಮಣ್ಣು ಉದ್ದ ಹಲಗೆಯ ನಡುವನ್ನು ಹೊರಕ್ಕೆ ತಳ್ಳುತ್ತದೆ. ಅಲ್ಲಿ ಗೂಟ ಹೊಡೆಯದವರ ಮಡಿ ಮೊದಲ ಮುಂಗಾರಿಗೇ ಹೊಟ್ಟೆ ಬಿಡುತ್ತದೆ. ತಳಕ್ಕೆ ಮಾತ್ರ ಹಲಗೆ ಬೇಡ, ನೀರು ಬಸಿಯಲಿ.

ಸೂತ್ರ 4: ಮರಕ್ಕೂ ಮಣ್ಣಿಗೂ ಭೇದವುಂಟೋ?
ಭಾಷ್ಯ: ಇಲ್ಲಿ ಮತತ್ರಯ. ಭೇದ ನಿತ್ಯವೆನ್ನುವ ದ್ವೈತಿಗಳು ಕ್ರಿಯೋಸೋಟ್ ಎಣ್ಣೆ ಕುಡಿಸಿದ ಸ್ಲೀಪರ್ ತರುತ್ತಾರೆ. ಅದು ಬೇಗ ಮಣ್ಣಾಗದು, ನಿಜ; ಆದರೆ ಎಣ್ಣೆ ಮಣ್ಣಿಗೆ ಒಸರುತ್ತದೆ. ಆದ್ದರಿಂದ ಸೊಪ್ಪು ತಿನ್ನುವವರಿಗೆ ಈ ಮತ ನಿಷಿದ್ಧ. ಮಣ್ಣು ಆತ್ಮ, ಮರ ಅದರ ಶರೀರ ಎನ್ನುವ ವಿಶಿಷ್ಟಾದ್ವೈತಿಗಳು ತೇಗದ ಚೇಗು ಕೊಳ್ಳುತ್ತಾರೆ. ಅದರ ಸುತ್ತಲಿನ ಬಿಳಿ ಮರ ಗೆದ್ದಲಿಗೆ ನೈವೇದ್ಯವೆಂದು ಬಲ್ಲರು. ಬಿಲ್ಲು ನೋಡಿದ ಮೇಲೆ ಶರಣಾಗತಿಯೊಂದೇ ದಾರಿ. ಅದ್ವೈತಿಗಳು ಪ್ಯಾಕಿಂಗ್ ಪೆಟ್ಟಿಗೆಯ ಹಲಗೆ ಬಡಿದು ಸುಮ್ಮನಿರುತ್ತಾರೆ. ಭೇದವೆಂಬ ಭ್ರಾಂತಿಯನ್ನು ಗೆದ್ದಲು ಬೇಗನೆ ಕಳೆಯುತ್ತದೆ.

ಆಕ್ಷೇಪ: ಸೈಜುಗಲ್ಲು ಇಟ್ಟು ಮುಗಿಸಬಾರದೇ ಎಂದು ಚಾರ್ವಾಕರು.
ಸಮಾಧಾನ: ಕಲ್ಲು ಕೊಳೆಯದು. ಕೊಳೆಯದ್ದರ ಮೇಲೆ ವಾದ ಹುಟ್ಟದು, ವಾದವಿಲ್ಲದೆ ವಿದ್ವಾಂಸರು ಬದುಕರು. ಆದ್ದರಿಂದ ಮರವೇ ಸಿದ್ಧಾಂತ.

ಫಲಶ್ರುತಿ: ಇದನ್ನು ಓದಿದವರಿಗೆ ಜ್ಞಾನ, ಕೇಳಿದವರಿಗೆ ನಿದ್ದೆ, ಮಾಡಿದವರಿಗೆ ಬೆನ್ನುನೋವು. ಕೊಳೆತ ಹಲಗೆಯನ್ನು ಗೊಬ್ಬರದ ಗುಂಡಿಗೆ ಹಾಕಿ, ತಕರಾರಿಲ್ಲದೆ ಇನ್ನೊಮ್ಮೆ ಮಾಡಿದವರಿಗೆ ಬದನೆಕಾಯಿ.