ಕಮರಿಪೇಟೆಯಲ್ಲಿ ಫೋರ್ಟ್ರಾನ್

ಫೋರ್ಟ್ರಾನ್ ಕಲಿಯಲು ಕಂಪ್ಯೂಟರ್ ಬೇಕೇ ಬೇಕು ಎನ್ನುವವರು ಹಳೆಯ ಪುಸ್ತಕಗಳನ್ನು ಓದಿದವರಲ್ಲ. ಪೆನ್ಸಿಲ್ಲು, ಚೌಕುಳಿ ಹಾಳೆ ಮತ್ತು ವಿ. ರಾಜಾರಾಮನ್ ಇದ್ದರೆ ಸಾಕು. 1963ರಲ್ಲಿ ಐಐಟಿ ಕಾನ್ಪುರಕ್ಕೆ ಬಂದಿಳಿದ ಐಬಿಎಂ 1620 ಯಂತ್ರದ ಮೇಲೆ ಹುಡುಗರನ್ನು ಪಳಗಿಸಿ, 1982ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದ ಈ ಮಾಸ್ತರರ ಪುಸ್ತಕಗಳು ಯಂತ್ರದ ಮುಖ ಕಾಣದವನಿಗೂ ತಿಳಿಯುವಂಥವು. ಹುಬ್ಬಳ್ಳಿ ಕಮರಿಪೇಟೆಯ ನಮ್ಮ ಮನೆಯ ಅಟ್ಟದಲ್ಲಿ ಕುಳಿತು ನಾನು ಈಗಲೂ ಅವನ್ನು ಓದುತ್ತೇನೆ. ಓದಿ ಏನು ಮಾಡುತ್ತೀ ಎಂದು ಕೇಳಬಾರದು. ಹಳಗನ್ನಡ ಓದುವವರನ್ನು ಯಾರೂ ಹಾಗೆ ಕೇಳುವುದಿಲ್ಲ.

ಫೋರ್ಟ್ರಾನಿನ ಒಂದು ಕಟ್ಟಳೆಯಂತೂ ನಮ್ಮ ಓಣಿಗಾಗಿಯೇ ಮಾಡಿದ್ದು. ಬೇರೆ ಸೂಚನೆ ಇಲ್ಲದಿದ್ದರೆ ಐ ಇಂದ ಎನ್‌ವರೆಗಿನ ಅಕ್ಷರದಿಂದ ಹೆಸರು ಶುರುವಾದವರು ಪೂರ್ಣಾಂಕ, ಮಿಕ್ಕವರೆಲ್ಲ ದಶಮಾಂಶ. ಅಂದರೆ ಇಲ್ಲಿಯ ಸಾವಜಿ ಮನೆತನಗಳಲ್ಲಿ ಕಬಾಡಿ, ಕಾಟವೆ, ಲದವಾ, ಮೇಹರವಾಡೆ ಇವರೆಲ್ಲ ಇಡಿಯ ಮಂದಿ. ಹಬೀಬ, ಬದ್ದಿ, ಪವಾರ ಮಾತ್ರ ಪಾಯಿಂಟಿನ ಆಚೆಗೂ ಬಾಲ ಉಳ್ಳವರು. ಕಟ್ಟೆಯ ಮೇಲೆ ಇದನ್ನು ವಿವರಿಸಿದಾಗ ಒಬ್ಬ ಪವಾರರಿಗೆ ಸಿಟ್ಟೇ ಬಂತು. "ಹಂಗಾರ ನಾವು ಅರ್ಧಾಮರ್ಧಾ ಮಂದಿ ಏನ್ರೀ?"

"ಬಡ್ಡಿ ಲೆಕ್ಕಕ್ಕ ನೀವ ಬೇಕ್ರೀ" ಎಂದೆ. "ಕಬಾಡಿಯವರು ಏಳನ್ನ ಎರಡರಿಂದ ಭಾಗಿಸಿದ್ರ ಬರೂದು ಮೂರ ಮೂರು. ಉಳಿದ ಅರ್ಧಾ ಎಲ್ಲಿ ಹೋತು ಅಂತ ಕೇಳೂ ಹಂಗಿಲ್ಲ." ಪವಾರರು ತಣ್ಣಗಾದರು, ಕಬಾಡಿಯವರು ಬಿಸಿಯಾದರು. ಹೆಸರಿಗೆ ಆರೇ ಅಕ್ಷರ ಎಂಬ ಇನ್ನೊಂದು ಹಳೆಯ ನಿಯಮವನ್ನು ಮೇಹರವಾಡೆಯವರ ಎದುರು ಹೇಳದೆ ಎದ್ದು ಬಂದೆ.

ಕೋಬಾಲ್ ಪುಸ್ತಕಗಳ ಗತ್ತೇ ಬೇರೆ. 1959ರಲ್ಲಿ ಸಮಿತಿ ಕೂತು ಹುಟ್ಟಿಸಿದ ಭಾಷೆ ಅದು. ಸಮಿತಿಯ ಗುಣ ಹೋಗಿಲ್ಲ. ಪ್ರೋಗ್ರಾಮಿನ ಹೆಸರು, ಬರೆದವರು, ಬರೆದ ದಿನ, ಯಂತ್ರ, ಕಡತಗಳು ಎಲ್ಲವನ್ನೂ ನಾಲ್ಕು ವಿಭಾಗಗಳಲ್ಲಿ ಒಪ್ಪಿಸುವಷ್ಟರಲ್ಲಿ, ಸುಖಾಗಮನ ಬಯಸುವವರ ಪಟ್ಟಿ ಮುಗಿದರೂ ವಧೂವರರ ಹೆಸರು ಸಿಗದ ಲಗ್ನಪತ್ರಿಕೆಯಂತೆ, ಲೆಕ್ಕ ಯಾವುದೆಂಬುದೇ ಮರೆತಿರುತ್ತದೆ. 1999ರಲ್ಲಿ ಮಾತ್ರ ಈ ಅಜ್ಜನಿಗೆ ಮತ್ತೆ ಬಾಸಿಂಗ ಕಟ್ಟಿದರು. ಇಸವಿಯನ್ನು ಎರಡೇ ಅಂಕಿಯಲ್ಲಿ ಬರೆದಿಟ್ಟಿದ್ದ ಜಗತ್ತು 2000ಕ್ಕೆ ಹೆದರಿ ಕೋಬಾಲ್ ಬಲ್ಲವರನ್ನು ಹುಡುಕುತ್ತಿತ್ತು. ಜನವರಿ ಬಂತು, ಏನೂ ಆಗಲಿಲ್ಲ, ಪುಸ್ತಕಗಳು ರದ್ದಿ ಅಂಗಡಿಗೆ ಬಂದವು. ನನ್ನಂಥವರಿಗೆ ಸುಗ್ಗಿ.

ಅಂಥದೊಂದನ್ನು ನೆರೆಯ ಹಿರಿಯರೊಬ್ಬರು ತಿರುವಿ ಹಾಕಿದರು. ಮಗ್ಗ ಬಿಟ್ಟು ಬಹಳ ಕಾಲವಾದ ನೇಕಾರರು. ತೂತಿನ ಕಾರ್ಡಿನ ಚಿತ್ರ ಬಂದೊಡನೆ ಬೆರಳು ನಿಂತಿತು. "ಇದು ನಮ್ಮ ಜಕಾರ್ಡಿನ ರಟ್ಟು. ಯಾವ ಸೆರಗಿಂದು?" ಕೇಳಿದ್ದು ತಪ್ಪಲ್ಲ. 1804ರಲ್ಲಿ ಜಕಾರ್ಡ್ ರಟ್ಟಿನ ತೂತುಗಳಿಂದಲೇ ನೇಯ್ಗೆಯ ಚಿತ್ತಾರ ನಡೆಸಿದ; ಹಾಲೆರಿತ್ ಎಂಬಾತ ತೂತು ಹೊಡೆದ ಕಾರ್ಡುಗಳಲ್ಲಿ 1890ರ ಅಮೆರಿಕದ ಜನಗಣತಿ ಎಣಿಸಿದ; ಮುಂದೆ ಫೋರ್ಟ್ರಾನ್ 80 ಕಂಬಗಳ ಕಾರ್ಡಿನ ಮೇಲೆ ಬಂದು ಕೂತಿತು. "ಇದರಾಗ ಸೆರಗು ಬರೂದಿಲ್ರೀ, ಲೆಕ್ಕದ ಉತ್ತರ ಬರತೈತಿ" ಎಂದೆ. ಅವರು ಪುಸ್ತಕ ಮುಚ್ಚಿ, "ಮತ್ತ ಇಷ್ಟ್ಯಾಕ ತೂತು ಹೊಡೀಬೇಕು?" ಎಂದರು.

ಅಟ್ಟದಲ್ಲಿ ಎಲ್ಲಕ್ಕಿಂತ ಭಾರ ಡೊನಾಲ್ಡ್ ಕ್ನೂತ್ ಅವರದು. ಪ್ರೋಗ್ರಾಮಿಂಗ್ ಕಲೆಯ ಬಗ್ಗೆ ಏಳು ಸಂಪುಟ ಬರೆಯುತ್ತೇನೆಂದು ಹೊರಟವರು. ಮೊದಲನೆಯದು ಬಂದದ್ದು 1968ರಲ್ಲಿ. ಪಾಠಕ್ಕಾಗಿ ಎಲ್ಲೂ ಇಲ್ಲದ ಮಿಕ್ಸ್ ಎಂಬ ಕಂಪ್ಯೂಟರನ್ನೇ ಕಲ್ಪಿಸಿಕೊಂಡ ಪುಣ್ಯಾತ್ಮರು. ಕೊಳ್ಳುವ ಖರ್ಚೂ ಇಲ್ಲ, ಕರೆಂಟೂ ಬೇಡ. ನಾಲ್ಕನೆಯ ಸಂಪುಟದ ಮೊದಲ ಭಾಗ 2011ರಲ್ಲಿ, ಎರಡನೆಯದು 2022ರಲ್ಲಿ ಬಂತು.

"ಈ ರದ್ದಿ ಯಾವಾಗ ಖಾಲಿ ಮಾಡ್ತೀರಿ?" ಎಂದು ಮನೆಯವಳು ಪಟ್ಟು ಹಿಡಿದಾಗ, ಕ್ನೂತ್ ಏಳನೆಯ ಸಂಪುಟ ಮುಗಿಸಿದ ಮರುದಿನವೇ ಎಂದು ಮಾತು ಕೊಟ್ಟೆ. ಅವರು 1938ರಲ್ಲಿ ಹುಟ್ಟಿದವರೆಂದು ಅವಳಿಗೆ ಆಮೇಲೆ ಗೊತ್ತಾಯಿತು. ಈಗ ದಾಜಿಬಾನ್ ಪೇಟೆಯ ತುಳಜಾಭವಾನಿ ಗುಡಿಗೆ ಹೋದಾಗಲೆಲ್ಲ ಆ ಅಮೆರಿಕದ ಮುದುಕರ ಆಯುರಾರೋಗ್ಯಕ್ಕೂ ಒಂದು ಕಾಯಿ ಒಡೆಸಿ ಬರುತ್ತಾಳೆ.